ಇಪ್ಪತ್ತು ಗಜದ ದೂರ

ಸೂರ್ಯಾಸ್ತಕ್ಕೆ ಇನ್ನೂ ಒಂದು ಗಂಟೆಯಿತ್ತು. ದಕ್ಷಿಣ ಟೆಕ್ಸಾಸಿನ ಒಂದು ದನದ ರ‍್ಯಾಂಚಿನಲ್ಲಿ, ಓಕ್ ಮರಕ್ಕೆ ಬಿಗಿದ ಅಟ್ಟಣೆಯ ಮೇಲೆ, ಐವತ್ತರ ಅಂಚಿನ ಶಾಲಾ ಉಪಾಧ್ಯಾಯನೊಬ್ಬನು ಬಿಲ್ಲನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದನು. ಪಕ್ಕದಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮಾರ್ಗದರ್ಶಿ. ಆ ಯುವಕನು ಪುಟ್ಟ ಶೀಸೆಯೊಂದನ್ನು ಒತ್ತಿ ಬಿಳಿಯ ಪುಡಿಯನ್ನು ಗಾಳಿಗೆ ಬಿಟ್ಟನು. ಅದು ತೇಲಿಹೋದ ದಿಕ್ಕನ್ನು ನೋಡಿ ತಲೆಯಾಡಿಸಿದನು. ಹಂದಿಯ ಕಣ್ಣು ಮಂದ. ಆದರೆ ಅದರ ಮೂಗಿಗೆ ಮನುಷ್ಯನ ವಾಸನೆಯ ಒಂದೆಳೆ ಸಿಕ್ಕಿತೆಂದರೆ ಅಂದಿನ ಬೇಟೆ ಮುಗಿದಂತೆಯೇ.

ಸುತ್ತಲೂ ಮೆಸ್ಕಿಟ್ ಪೊದೆಗಳು, ನಡುನಡುವೆ ಪಾಪಾಸುಕಳ್ಳಿ. ಮೆಸ್ಕಿಟ್ ಎಂಬುದು ಕರ್ನಾಟಕದ ಬಯಲುಸೀಮೆಯಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯ ದಾಯಾದಿ. ಕಳ್ಳಿಯೂ ಆ ಖಂಡದಿಂದಲೇ ಇತ್ತ ಬಂದದ್ದು. ರಾಯಚೂರಿನ ಕಡೆಯವರು ಯಾರಾದರೂ ಆ ಅಟ್ಟಣೆಯನ್ನೇರಿದ್ದರೆ ಪರದೇಶವೆಂಬ ಭಾವನೆ ಅವರಿಗೆ ಅಷ್ಟಾಗಿ ಬಾರದು. ಅಲ್ಲಿ ನಿಜವಾದ ಪರದೇಶಿ ಎಂದರೆ ಹಂದಿ. ಕೊಲಂಬಸನು 1493ರ ಯಾನದಲ್ಲಿ ಹಂದಿಗಳನ್ನು ಕೆರಿಬಿಯನ್ ದ್ವೀಪಗಳಿಗೆ ತಂದನು. 1539ರಲ್ಲಿ ಡಿ ಸೋಟೋ ಎಂಬ ಸ್ಪೇನಿನ ದಂಡನಾಯಕನು ಫ್ಲಾರಿಡಾಕ್ಕೆ ಇಳಿಸಿದನು. ಆಮೇಲೆ ಬಂದ ವಲಸೆಗಾರರು ತಮ್ಮ ಸಾಕುಹಂದಿಗಳನ್ನು ಮೇಯಲು ಕಾಡಿಗೆ ಬಿಡುತ್ತಿದ್ದರು. ಹಿಂತಿರುಗದೆ ಉಳಿದವು ಕಾಡಿನವೇ ಆದವು. ಸಾಲದುದಕ್ಕೆ, ಬೇಟೆಯ ಮೋಜಿಗೆಂದು 1930ರ ದಶಕದಲ್ಲಿ ಯೂರೋಪಿನ ಕಾಡುಹಂದಿಗಳನ್ನೂ ತಂದು ಬಿಟ್ಟರು. ಎರಡು ರಕ್ತಗಳೂ ಬೆರೆತವು.

ಹಂದಿಬೇಟೆ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಅರ್ಜುನನೂ ಕಿರಾತನೂ ಒಂದೇ ಹಂದಿಗೆ ಬಾಣ ಬಿಟ್ಟು ಕಾದಾಡಿದ ಕಥೆ. ಅಲ್ಲಿ ಹಂದಿಯ ರೂಪದಲ್ಲಿ ಬಂದವನು ಮೂಕಾಸುರ. ಟೆಕ್ಸಾಸಿನ ರೈತನನ್ನು ಕೇಳಿದರೆ ಅವನೂ ಹಾಗೆಯೇ ಹೇಳಿಯಾನು. ಬಿತ್ತಿದ ಮೆಕ್ಕೆಜೋಳದ ಸಾಲನ್ನು ಹಿಡಿದು, ಒಂದು ಬೀಜವನ್ನೂ ಉಳಿಸದೆ, ರಾತ್ರಿ ಬೆಳಗಾಗುವುದರೊಳಗೆ ಮುಸುಡಿಯಿಂದ ಉತ್ತುಹಾಕುವ ಪ್ರಾಣಿಯನ್ನು ಮತ್ತೇನೆಂದು ಕರೆಯಬೇಕು? ಆ ರಾಜ್ಯವೊಂದರಲ್ಲಿಯೇ ಅವುಗಳ ಸಂಖ್ಯೆ 20 ಲಕ್ಷಕ್ಕೂ ಮಿಕ್ಕಿದೆಯೆಂದು ಅಂದಾಜು. ಅವನ್ನು ಕೊಲ್ಲಲು ಕಾಲದ ಕಟ್ಟಿಲ್ಲ, ಎಣಿಕೆಯ ಮಿತಿಯಿಲ್ಲ. 2011ರ ಕಾನೂನು ಹೆಲಿಕಾಪ್ಟರಿನಿಂದ ಗುಂಡು ಹಾರಿಸಲು ಬೇಟೆಗಾರರಿಗೆ ದಾರಿ ತೆರೆಯಿತು. 2019ರಿಂದೀಚೆಗೆ, ಜಮೀನಿನ ಒಡೆಯನು ಒಪ್ಪಿದರೆ ಬೇಟೆಯ ಪರವಾನಗಿಯೂ ಬೇಕಿಲ್ಲ.

ಇಷ್ಟೆಲ್ಲ ಅನುಕೂಲವಿರುವಾಗ ಬಿಲ್ಲೇಕೆ? ಉಪಾಧ್ಯಾಯನು ಎಳೆಯ ವಯಸ್ಸಿನಲ್ಲಿ ಬಂದೂಕು ಹಿಡಿದವನೇ. ಇನ್ನೂರು ಗಜದಾಚೆಯ ಪ್ರಾಣಿಯು ಬರಿಯ ಗುರುತಾಗಿ ಕಾಣುತ್ತದೆ. ಇಪ್ಪತ್ತು ಗಜದಲ್ಲಿ ಅದರ ರೆಪ್ಪೆ ಬಡಿಯುವುದೂ ಕಾಣುತ್ತದೆ. ಆ ಸಾಮೀಪ್ಯಕ್ಕಾಗಿಯೇ ಆತನು ಬಂದಿದ್ದನು. ಅವನ ಕೈಯಲ್ಲಿದ್ದುದು ಎರಡು ತುದಿಗಳಲ್ಲೂ ರಾಟೆಗಳುಳ್ಳ ಹೊಸ ಬಗೆಯ ಬಿಲ್ಲು. 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ಹೆದೆಯನ್ನು ಪೂರ್ತಿ ಎಳೆದಾಗ ತೋಳಿನ ಮೇಲಿನ ಭಾರದ ಬಹುಪಾಲು ಇಳಿದುಬಿಡುತ್ತದೆ. ನಾಲ್ಕು ತಿಂಗಳ ಕಾಲ ಮನೆಯ ಹಿತ್ತಿಲಲ್ಲಿ ಹುಲ್ಲಿನ ಗುರಿಗೆ ಹೊಡೆದು ಹೊಡೆದು, ಬಾಣದ ಪಕ್ಕಕ್ಕೆ ಬಾಣ ತಾಗಿ ನಿಲ್ಲುವಷ್ಟು ಕೈ ಪಳಗಿತ್ತು.

ಹುಲ್ಲಿನ ಗುರಿಗೆ ಮಾತ್ರ ಹೆಗಲಿರುವುದಿಲ್ಲ. ಪ್ರಾಯದ ಗಂಡುಹಂದಿಯ ಹೆಗಲ ಮೇಲೆ, ಗಂಡುಗಳ ಕಾದಾಟದಲ್ಲಿ ಕೋರೆಯ ಪೆಟ್ಟನ್ನು ತಡೆಯಲೆಂದು, ಗಟ್ಟಿಯಾದ ತೊಗಲಿನ ಗುರಾಣಿಯೊಂದು ಬೆಳೆದಿರುತ್ತದೆ. ಹೃದಯವೂ ಶ್ವಾಸಕೋಶವೂ ಕೆಳಗೆ, ಮುಂಗಾಲಿಗೆ ಒತ್ತಾಗಿ ಇರುತ್ತವೆ. ಪ್ರಾಣಿಯು ಅಡ್ಡನಿಂತು ಮುಂಗಾಲನ್ನು ಮುಂದಕ್ಕಿಡುವವರೆಗೆ ತಾಳಬೇಕು.

ನಿಯಮಿತ ವೇಳೆಗೆ ಎದುರಿನ ಡಬ್ಬಿಯ ಯಂತ್ರವು ತಿರುಗಿ ಮೆಕ್ಕೆಜೋಳವನ್ನು ಚೆಲ್ಲಿತು. ಮೊದಲು ಹಕ್ಕಿಗಳು ಬಂದವು. ಮಬ್ಬುಗತ್ತಲಾಗುವ ಹೊತ್ತಿಗೆ ಒಂಟಿ ಗಂಡುಹಂದಿಯೊಂದು ಬಂದು ನಿಂತಿತು. ಕೋರೆಗಳು ತುಟಿಯಿಂದ ಹೊರಚಾಚಿದ್ದವು. ನಿಂತದ್ದು ಓರೆಯಾಗಿ, ಅಟ್ಟಣೆಯ ಕಡೆಗೆ ಎದೆಕೊಟ್ಟು. ಹೆದೆಯನ್ನು ಎಳೆದದ್ದಾಗಿತ್ತು. "ತಾಳಿ" ಎಂದು ಮಾರ್ಗದರ್ಶಿಯು ಉಸಿರಿನಲ್ಲಿ ಹೇಳಿದನು. ಬೆಳಕು ಕುಂದುತ್ತಿತ್ತು, ತೋಳು ನಡುಗತೊಡಗಿತ್ತು. ಆತನು ತಾಳಲಿಲ್ಲ.

ಹಲಗೆಗೆ ಬಡಿದಂತಹ ಸದ್ದು, ಒಂದು ಹೂಂಕಾರ, ಮುಳ್ಳುಪೊದೆಗಳು ಮುರಿಯುವ ಶಬ್ದ. ಅರ್ಧ ಗಂಟೆ ಕಾದು ಇಬ್ಬರೂ ಕೆಳಗಿಳಿದರು. ಬ್ಯಾಟರಿಯ ಬೆಳಕಿನಲ್ಲಿ ಅರವತ್ತು ಹೆಜ್ಜೆಯವರೆಗೆ ಅಲ್ಲೊಂದು ಇಲ್ಲೊಂದು ರಕ್ತದ ಹನಿ, ಅನಂತರ ಮುರಿದ ಬಾಣದ ಗರಿಯ ಕಡೆಯ ತುಂಡು, ಆಮೇಲೆ ಏನೂ ಇಲ್ಲ. ನಡುರಾತ್ರಿಯವರೆಗೂ ಮೊಣಕಾಲೂರಿ ಹುಡುಕಿದರು.

"ಹೆಗಲಿನ ಗುರಾಣಿಗೆ ತಗುಲಿದೆ. ಇಂತಹವು ಬದುಕಿಕೊಳ್ಳುವುದುಂಟು" ಎಂದನು ಮಾರ್ಗದರ್ಶಿ. ಉಪಾಧ್ಯಾಯನು ಮಾತನಾಡಲಿಲ್ಲ. ಕೊಲ್ಲಲು ಬಂದ ಪ್ರಾಣಿ ಬದುಕಿರಲಿ ಎಂದು ಹಾರೈಸುವುದು ಹೊರಗಿನವರಿಗೆ ನಗೆಗೀಡಾಗಿ ಕಂಡೀತು. ಬಿಲ್ಲು ಹಿಡಿದವರಿಗೆ ಹಾಗೆ ಕಾಣದು.

ಮರುದಿನ ಆತನು ಬಿಲ್ಲನ್ನು ಮುಟ್ಟದೆ ಹಗಲೆಲ್ಲ ಆ ಹಂದಿಯನ್ನೇ ಹುಡುಕಿದನು. ರಣಹದ್ದುಗಳು ಎಲ್ಲಿಯೂ ಇಳಿದಿರಲಿಲ್ಲ. ಮೂರು ದಿನಗಳಿಗೆ ಹಣ ತೆತ್ತು ಒಂದನ್ನು ಹೀಗೆ ಕಳೆಯುವವರು ವಿರಳವೆಂದು ಮಾರ್ಗದರ್ಶಿಯು ಅಡಿಗೆಯವಳೊಡನೆ ಹೇಳಿದನಂತೆ. ರಾತ್ರಿ ಊಟದ ವೇಳೆ ಆ ಯುವಕನು ಮನಸ್ಸು ಬಿಚ್ಚಿ ಮಾತನಾಡಿದನು. ಸಂಖ್ಯೆ ಏರದಿರಬೇಕಾದರೆ ವರ್ಷಕ್ಕೆ ಮೂರರಲ್ಲಿ ಎರಡು ಪಾಲಿನಷ್ಟು ಹಂದಿಗಳು ಹೋಗಬೇಕು. ಬೇಟೆಯಿಂದ ಆ ಲೆಕ್ಕ ತುಂಬದು. ಹಿಂಡನ್ನು ಒಮ್ಮೆಗೇ ಹಿಡಿಯುವ ದೊಡ್ಡ ಬೋನು ಬೇಕು. "ಅತಿಥಿಗಳೆಲ್ಲರಿಗೂ ಕೋರೆಯ ಗಂಡೇ ಬೇಕು. ಪಕ್ಕದ ಹೊಲದವನ ಜೋಳ ಉಳಿಯಬೇಕಾದರೆ ಸಾಯಬೇಕಾದುದು ಹೆಣ್ಣು. ಹಂದಿಯಿಂದ ನಷ್ಟ ಅವನಿಗೆ, ಹಣ ನಮಗೆ" ಎಂದು ನಕ್ಕನು. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ.

ಕೊನೆಯ ದಿನ ನಸುಕಿನಲ್ಲಿ ಹಿಂಡೇ ಬಂದಿತು. ನಡುವೆ ಭಾರಿಯಾದ ತಾಯಿಹಂದಿ, ಅದರ ಹಿಂದೆ ಪಟ್ಟೆಪಟ್ಟೆಯ ಐದಾರು ಮೊಲೆಯುಣ್ಣುವ ಮರಿಗಳು. ಮಾರ್ಗದರ್ಶಿಯ ಬೆರಳು ಅದರತ್ತ ಹೊರಳಿತು. ಅವನು ಹೇಳುವುದು ನ್ಯಾಯವೆಂದು ಉಪಾಧ್ಯಾಯನಿಗೆ ತಿಳಿದಿತ್ತು. ತಿಳಿದೂ ಕೈ ಏಳಲಿಲ್ಲ. ಅಂಚಿನಲ್ಲಿ ಮೇಯುತ್ತಿದ್ದ, ಮರಿಗಳಿಲ್ಲದ ಎಳೆಯ ಹೆಣ್ಣೊಂದು ಹದಿನೆಂಟು ಗಜದಲ್ಲಿ ಅಡ್ಡನಿಂತಿತು. ಆತನು ಹೆದೆಯನ್ನೆಳೆದು ಕಾದನು. ಅದು ಒಂದು ಹೆಜ್ಜೆ ಮುಂದಿಟ್ಟಿತು. ಈ ಬಾರಿ ಸದ್ದೇ ಆಗಲಿಲ್ಲ. ಬಾಣವು ದೇಹವನ್ನು ಹಾಯ್ದು ಆಚೆಯ ನೆಲದಲ್ಲಿ ನಾಟಿತ್ತು. ನಲವತ್ತು ಹೆಜ್ಜೆ ಓಡಿ ಹಂದಿಯು ಉರುಳಿತು.

ಮಾರ್ಗದರ್ಶಿಯು ದೊಡ್ಡ ಹೆಣ್ಣಿನ ಮಾತನ್ನೆತ್ತಲಿಲ್ಲ. ರಬ್ಬರಿನ ಕೈಗವಸು ತೊಟ್ಟನು. ಈ ಹಂದಿಗಳ ರಕ್ತದಿಂದ ಮನುಷ್ಯರಿಗೂ ಬ್ರುಸೆಲ್ಲೋಸಿಸ್ ಎಂಬ ಜ್ವರ ಅಂಟುವುದುಂಟು. ಇಬ್ಬರೂ ಸೇರಿ ಕೊಯ್ದು ಮಾಂಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತುಂಬಿದರು.

ಹೊರಡುವ ಮುನ್ನ ಉಪಾಧ್ಯಾಯನು ಮರಕ್ಕೆ ಕಟ್ಟಿದ್ದ ಕ್ಯಾಮೆರಾದ ಎರಡು ರಾತ್ರಿಗಳ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದನು. ಜಿಂಕೆಗಳಿದ್ದವು, ಹಿಂಡಿತ್ತು, ಒಂದು ನರಿಯೂ ಇತ್ತು. ಕೋರೆಯ ಗಂಡು ಇರಲಿಲ್ಲ. ಕಾಣಿಸಿದರೆ ತಿಳಿಸುವೆನೆಂದು ಮಾರ್ಗದರ್ಶಿಯು ವಿಳಾಸವನ್ನು ಬರೆದುಕೊಂಡನು. ಗರಿಯ ಕಡೆಯ ತುಂಡು ಬತ್ತಳಿಕೆಯಲ್ಲಿ, ಉಳಿದ ಬಾಣಗಳ ನಡುವೆಯೇ ಇತ್ತು.