ಬಾಟಲಿಯಿಂದ ಶಿರೂರಿನ ಬಿಸಿಲಿಗೆ

ಇನ್ನೂ ಹತ್ತು ಗಂಟೆ ಆಗಿಲ್ಲ, ಬಾಗಲಕೋಟೆ ಸೀಮೆಯ ಶಿರೂರಿನ ಬಿಸಿಲು ಆಗಲೇ ನೆತ್ತಿ ಸುಡುತ್ತಿದೆ. ಶಿವರಾತ್ರಿ ಕಳೆದು ಎರಡು ವಾರವಷ್ಟೇ. ತಲೆ ಬಗ್ಗಿಸಿ ಶೇಡ್‌ನೆಟ್ ಒಳಗೆ ಕಾಲಿಡುತ್ತೀರಿ. ಹಸಿರು ಪರದೆಯಡಿ ಬೆಳಕು ತಿಳಿಯಾಗಿದೆ, ಒದ್ದೆ ತೆಂಗಿನ ನಾರಿನ ವಾಸನೆ ಮೂಗಿಗೆ ಬರುತ್ತದೆ. ಮಣೆ ಹಾಕಿಕೊಂಡು ಕುಳಿತ, ಸಸಿ ನೋಡಿಕೊಳ್ಳುವ ಅಕ್ಕಾರ ಮುಂದೆ ಮೂರು ಬೋಗಾಣಿ ನೀರು, ಪಕ್ಕದಲ್ಲಿ ಸಾಲು ಗಾಜಿನ ಬಾಟಲಿ.

"ಕೈ ತೊಳ್ಕೊಂಡು ಬರ್ರಿ, ಹಂಗ ಮುಟ್ಟಬ್ಯಾಡ್ರಿ."

ಮುಚ್ಚಳ ತೆಗೆದು, ಒಂದಿಷ್ಟು ನೀರು ಹೊಯ್ದು ಕುಲುಕಿ, ಸಸಿಗಳ ಗೊಂಚಲನ್ನು ಅಂಗೈಗೆ ಸುರಿದುಕೊಳ್ಳುತ್ತಾರೆ. ಜರ್ಬೆರಾ. ಮದುವೆ ಮಂಟಪದಲ್ಲಿ ಕೆಂಪು, ಹಳದಿ, ಕಿತ್ತಳೆಯಾಗಿ ನಿಲ್ಲುವ ಹೂವು ಇಲ್ಲಿ ಕಿರುಬೆರಳಿನಷ್ಟೇ ಇದೆ. ಒಂದು ಸಸಿ ನಿಮ್ಮ ಕೈಗೂ ಬರುತ್ತದೆ. ಬೇರಿನ ಸುತ್ತ ಲೋಳೆಸರದ ತಿರುಳಿನಂಥ ಅಂಟು, ತಣ್ಣಗೆ, ಜಾರುತ್ತದೆ.

"ಹಗೂರಕ ರೀ, ಬೇರು ಹರದೀತು. ಅಂಟು ಒಂದೀಟೂ ಉಳೀಬಾರದು. ಉಳದ್ರ ಬೂಜು ಹತ್ತತೈತಿ."

ಅಂಟಿನಲ್ಲಿ ಸಕ್ಕರೆ ಇದೆ, ಲೀಟರಿಗೆ 30 ಗ್ರಾಂ. ಬಾಟಲಿಯೊಳಗೆ ಸಸಿ ಉಂಡದ್ದು ಅದನ್ನೇ. ಜೊತೆಗೆ ಲವಣಗಳು. ತಂಬಾಕಿನ ಅಂಗಾಂಶ ಬೆಳೆಸಲೆಂದು ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಲವಣಗಳ ಹದ ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಈ ಪಾಕವನ್ನು 121 ಡಿಗ್ರಿ ಹಬೆಯಲ್ಲಿ ಬೇಯಿಸಿ, ಒಂದು ಬೂಜಿನ ಕಣವೂ ಉಳಿಯದಂತೆ ಮಾಡಿ, ಅದರ ಮೇಲೆ ಎಳೆ ಮೊಗ್ಗಿನ ಚೂರನ್ನು ಇಡುತ್ತಾರೆ. ಹಾರ್ಮೋನಿನ ಅಳತೆ ಸರಿಬಿದ್ದರೆ ಚೂರು ಚಿಗುರುತ್ತದೆ. ನಾಲ್ಕೈದು ವಾರಕ್ಕೊಮ್ಮೆ ಗೊಂಚಲು ಬಿಡಿಸಿ ಹೊಸ ಬಾಟಲಿಗೆ ಹಾಕಿದಂತೆ ಒಂದು ನಾಲ್ಕಾಗಿ, ನಾಲ್ಕು ಹದಿನಾರಾಗಿ ಸಂಸಾರ ಬೆಳೆಯುತ್ತದೆ. ಜರ್ಬೆರಾದ ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆ ಇಲ್ಲ. ಬುಡ ಒಡೆದು ನೆಟ್ಟರೆ ವರ್ಷಕ್ಕೆ ಬೆರಳೆಣಿಕೆಯ ಗಿಡ. ಬಾಟಲಿಯ ಬೆಲೆ ಇಲ್ಲಿದೆ.

ಹೀಗೆ ಬಾಟಲಿಯಲ್ಲಿ ಬೆಳೆದದ್ದೇ 'ಟಿಶ್ಯೂ ಕಲ್ಚರ್ ಸಸಿ'; ಬಾಗಲಕೋಟೆ ಸೀಮೆಗೆ ಆ ಮಾತು ಹೊಸದಲ್ಲ. ದಾಳಿಂಬೆ ಬೆಳೆಗಾರರು ಬಳಸಿ ಹಳೆಯದಾಗಿದೆ. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೂ ಬಾಗಲಕೋಟೆಗೇ ಬಂತು. ಆದರೆ ಹೊಗಳಿಕೆಯೆಲ್ಲ ಪ್ರಯೋಗಾಲಯಕ್ಕೇ ಹೋಗುತ್ತದೆ. ಅರ್ಧ ಕೆಲಸ ಮಾತ್ರ ಅಲ್ಲಿಯದು. ಉಳಿದರ್ಧ ಈ ಮಣೆಯ ಮೇಲೆ ಕುಳಿತವರ ಕೈಯಲ್ಲಿದೆ.

ಅಂಗೈಯ ಮೇಲಿನ ಸಸಿಯನ್ನು ನೋಡಿ. ಮಾತಾಡುತ್ತ ನಿಂತ ಎರಡು ನಿಮಿಷದಲ್ಲಿ ಎಲೆ ಬಾಡಿ ಬೆರಳಿಗೆ ಅಂಟಿಕೊಂಡಿದೆ. ಬಾಟಲಿಯಲ್ಲಿ ಗಾಳಿಯೇ ಒದ್ದೆ, ಹಾಗಾಗಿ ಎಲೆಗೆ ಮೇಣದ ಹೊದಿಕೆ ಸರಿಯಾಗಿ ಕೂತಿಲ್ಲ. ಎಲೆಯ ಸೂಕ್ಷ್ಮ ರಂಧ್ರಗಳಿಗೆ ಮುಚ್ಚಿಕೊಳ್ಳುವುದೇ ಗೊತ್ತಿಲ್ಲ. ಒಳಗಿನ ನೀರೆಲ್ಲ ಸುಮ್ಮನೆ ಹೊರಗೆ ಹೋಗುತ್ತದೆ. ಶಿರೂರಿನ ಒಣ ಗಾಳಿಗೆ ಇದು ಹಸುಗೂಸು.

"ಕೊಡ್ರಿ ಇಲ್ಲೆ." ಅಕ್ಕಾರು ಅದನ್ನು ಎರಡನೆಯ, ಮೂರನೆಯ ಬೋಗಾಣಿಯಲ್ಲಿ ಅದ್ದಿ, ತೆಂಗಿನ ನಾರು ತುಂಬಿದ ತಟ್ಟೆಯ ಗುಳಿಯಲ್ಲಿ ನಿಲ್ಲಿಸುತ್ತಾರೆ. ಬೇರು ಒಳಗೆ, ಸುಳಿ ಮೇಲೆ. ಸುಳಿ ಹೂತರೆ ಕೊಳೆಯುತ್ತದೆ. ಎರಡು ಬೆರಳಿನಿಂದ ಬುಡ ಒತ್ತಿ, ನೀರು ಸಿಂಪಡಿಸಿ, ತಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯ ಗುಡಾರದೊಳಗೆ ಸರಿಸುತ್ತಾರೆ. ಒಳಗೆ ಕೈ ಹಾಕಿದರೆ ಹಬೆ. ಹಾಳೆಯ ಒಳಮೈಯಲ್ಲಿ ಹನಿಗಳು ಕೂಡಿ ಇಳಿಯುತ್ತಿವೆ.

ಆಚೆ ತುದಿಯ ಗುಡಾರ ಹದಿನೈದು ದಿನದ್ದು. ಅಲ್ಲಿ ಒಂದೊಂದು ಸಸಿಗೂ ಹೊಸ ಎಲೆ ಬಂದಿದೆ, ಗಾತ್ರ ಸಣ್ಣದು, ಬಣ್ಣ ಗಾಢ. ಮುಟ್ಟಿದರೆ ಹಳೆಯ ಎಲೆಗಿಂತ ದಪ್ಪ, ತುಸು ಒರಟು. ಅಕ್ಕಾರು ಹಾಳೆಯ ಅಂಚನ್ನು ನಾಲ್ಕು ಬೆರಳಿನಷ್ಟು ಎತ್ತಿ ಕೆಳಗೆ ಕಲ್ಲು ಕೊಡುತ್ತಾರೆ. ನಿನ್ನೆ ಎರಡೇ ಬೆರಳಿತ್ತಂತೆ.

ಹೊರಗಿನ ಬಿಸಿಗಾಳಿ ಒಳನುಗ್ಗುತ್ತದೆ. ಎಲೆಗಳು ಒಮ್ಮೆ ನಡುಗುತ್ತವೆ. ಅಕ್ಕಾರು ಕುಕ್ಕರಗಾಲಲ್ಲಿ ಕುಳಿತು ಕಣ್ಣು ಕೀಳದೆ ನೋಡುತ್ತಾರೆ, ನೀವೂ ನೋಡುತ್ತೀರಿ. ಹಳೆಯ ಎಲೆಗಳು ಮೆಲ್ಲಗೆ ಜೋಲುತ್ತವೆ. ನಡುವಿನ ಹೊಸ ಎಲೆ ನಿಂತೇ ಇದೆ.

"ಮಧ್ಯಾಹ್ನದ ತನಕ ನೋಡೂಣ್ರಿ" ಅನ್ನುತ್ತ ಅವರು ಮುಂದಿನ ಬಾಟಲಿಗೆ ಕೈ ಚಾಚುತ್ತಾರೆ.