ಮೊದಲು ಮೈ, ಆಮೇಲೆ ಮಗ್ಗಿ

"ಎದೆ ಝಲ್ಲೆಂದಿತು", "ನಾಲಿಗೆ ಒಣಗಿತು", "ಕೈಕಾಲೇ ಆಡಲಿಲ್ಲ". ನಾವು ಹೆಂಗಸರು ದಿನಕ್ಕೆ ನಾಲ್ಕು ಸಲವಾದರೂ ಆಡುವ ಮಾತುಗಳಿವು. ಯಾವ ವೈದ್ಯಶಾಸ್ತ್ರವನ್ನೂ ಓದದ ನಮ್ಮಜ್ಜಿಯೂ ಆಡುತ್ತಿದ್ದಳು. ಅಪರಾತ್ರಿಯಲ್ಲಿ ಫೋನು ಬಡಿದುಕೊಂಡರೆ ಸಾಕು, ಎದೆ ಡವಡವ, ಅಂಗೈಯಲ್ಲಿ ಬೆವರು. ಆ ಗಳಿಗೆಯಲ್ಲಿ ಯಾರಾದರೂ ಬಂದು "ಹದಿನೇಳರ ಮಗ್ಗಿ ಹೇಳಮ್ಮ" ಎಂದರೆ ಹೇಗಿರುತ್ತದೆ? ಹೇಳದಿದ್ದುದಕ್ಕೆ ಹಟಮಾರಿ ಎಂದರೆ? ನಮ್ಮನ್ನು ಯಾರೂ ಹಾಗೆ ಕೇಳುವುದಿಲ್ಲ. ಮಕ್ಕಳನ್ನು ಮಾತ್ರ ಕೇಳುತ್ತೇವೆ.

ನನ್ನ ಮೊಮ್ಮಗ ಪುಟ್ಟು, ಸರಸ್ವತಿಪುರಂನ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಫೈರ್ ಬ್ರಿಗೇಡಿನ ವಾಹನ ಕೂಗುತ್ತ ಹೋದ ದಿನ ಅವನಿಗೆ ಊಟವೇ ಸೇರುತ್ತಿರಲಿಲ್ಲ. ಅಂಗಿಯ ಕತ್ತಿನ ಹಿಂದಿನ ಚೀಟಿ ಚುಚ್ಚುತ್ತದೆಂದು ಅಂಗಿಯನ್ನೇ ಕಿತ್ತೊಗೆಯುತ್ತಿದ್ದ. ಅದೇ ಹುಡುಗ ಮೈಸೂರಿನಿಂದ ಹೊರಡುವ ರೈಲುಗಳ ಹೆಸರು, ನಂಬರು, ವೇಳೆ ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಿದ್ದ.

ಶಾಲೆಯಲ್ಲಿ ಅವನ ತರಗತಿಯ ಬಾಗಿಲ ಮೇಲೆಯೇ ಎಲೆಕ್ಟ್ರಿಕ್ ಬೆಲ್ಲು. ಪ್ರತಿ ಪೀರಿಯಡ್ಡಿಗೂ ಅದು ಕಿರ್ರೆನ್ನುವುದು, ಇವನು ಬೆಂಚಿನಡಿ ಸೇರುವುದು, ಮೇಷ್ಟ್ರು ಕೈಹಿಡಿದು ಎಳೆಯುವುದು, ಇವನು ಕಚ್ಚುವುದು. ಡೈರಿಯಲ್ಲಿ ಕೆಂಪು ಶಾಯಿ: "ಶಿಸ್ತಿಲ್ಲ." ಮೂರನೇ ತರಗತಿಯ ಮಧ್ಯದಲ್ಲಿ "ಟೀಸಿ ತಗೊಂಡು ಹೋಗಿ" ಎಂಬ ಮಾತೂ ಬಂತು.

ನೆಂಟರ ನಾಲಿಗೆಗೂ ಕೆಲಸ ಸಿಕ್ಕಿತು. "ಸೊಸೆ ಬ್ಯಾಂಕಿಗೆ ಹೋಗ್ತಾಳಲ್ಲ, ಮಗೂನ ನೋಡೋರ್ಯಾರು?" ಸೊಸೆ ರಾತ್ರಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ನೀರಿನ ಸದ್ದಿನಲ್ಲಿ ನನಗೆ ಕೇಳಿಸದೆಂದು ಅವಳ ಲೆಕ್ಕ. ರಾಜೀನಾಮೆ ಪತ್ರವನ್ನೂ ಬರೆದಿಟ್ಟುಕೊಂಡಿದ್ದಳು.

ನಮ್ಮ ಪುಣ್ಯ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1966ರಲ್ಲಿ ಆರಂಭವಾದದ್ದು. ಎಲ್ಲೆಲ್ಲಿಂದಲೋ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುವ ಆ ಜಾಗಕ್ಕೆ ನಮ್ಮ ಮನೆಯಿಂದ ಆಟೋ ಸಾಕು. ಹಲವು ಸಲ ಹೋಗಿಬಂದ ಮೇಲೆ ಆಟಿಸಂ ಎಂದರು. ವಿವರಿಸಿದವಳು ನನ್ನ ಮಗಳಿಗಿಂತ ಚಿಕ್ಕ ಹುಡುಗಿ. "ಅಜ್ಜಿ, ಇವನು ಹಟ ಮಾಡ್ತಿಲ್ಲ. ಹೆದರಿದಾನೆ" ಎಂದಳು.

ನಮ್ಮ ಅಪ್ಪಣೆಗೆ ಕಾಯದೆ ತಾನಾಗಿ ನಡೆಯುವ ನರಮಂಡಲದಲ್ಲಿ ಎರಡು ಪಾಲು. ಒಂದು, ಅಪಾಯವೆನಿಸಿದೊಡನೆ ಎದೆಬಡಿತ ಏರಿಸಿ, ಸ್ನಾಯುಗಳಿಗೆ ರಕ್ತ ಅಟ್ಟಿ, "ಹೊಡಿ, ಇಲ್ಲವೇ ಓಡು" ಎನ್ನುತ್ತದೆ. ಇನ್ನೊಂದು, ಎದೆಬಡಿತ ಇಳಿಸಿ, ಉಂಡದ್ದು ಅರಗುವಂತೆ ಮಾಡಿ, "ಸಮಾಧಾನ" ಎನ್ನುತ್ತದೆ. ಮೊದಲನೆಯದರ ಕೈ ಮೇಲಾದಾಗ, ಯೋಚಿಸಿ ನಡೆಯುವಂತೆ ಮಾಡುವ ಮೆದುಳಿನ ಮುಂಭಾಗ ಹಿಂದೆ ಬೀಳುತ್ತದೆ. ಪುಟ್ಟುವಿನಂಥ ಅನೇಕ ಮಕ್ಕಳಿಗೆ ಸದ್ದು, ಬೆಳಕು, ಸ್ಪರ್ಶ ನಮಗಿಂತ ಜೋರಾಗಿ ತಟ್ಟುತ್ತವೆ. ಕೆಲವರಿಗೆ ಅಷ್ಟಾಗಿ ತಟ್ಟುವುದೇ ಇಲ್ಲ. ಅದಕ್ಕೇ ಕುಣಿಯುತ್ತಾರೆ, ಗೋಡೆಗೆ ಮೈ ಒತ್ತುತ್ತಾರೆ.

ಸೊಸೆಗಾಗಿ ನಾನು ಇನ್ನೊಂದು ವಿಷಯವನ್ನು ಹುಡುಕಿ ಓದಿದೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಆಮೇಲೆ ಎಷ್ಟೋ ವರ್ಷ, ತಾಯಿಯ ಪ್ರೀತಿ ಸಾಲದ್ದರಿಂದಲೇ ಮಗು ಹೀಗಾಯಿತು ಎಂಬ ವಾದ ದೊಡ್ಡ ದೊಡ್ಡವರಲ್ಲೂ ಇತ್ತು. 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞ ಪುಸ್ತಕ ಬರೆದು, ಇದು ನರಮಂಡಲದ ವಿಷಯ, ತಾಯಿಯ ತಪ್ಪಲ್ಲ ಎಂದು ವಾದಿಸಿದರು. ಅವರೂ ಅಂಥ ಮಗನ ತಂದೆ. ಇದನ್ನು ಹೇಳಿದಾಗ ಸೊಸೆ ಏನೂ ಮಾತಾಡಲಿಲ್ಲ. ಆ ರಾತ್ರಿ ನಲ್ಲಿಯ ಸದ್ದು ಕೇಳಲಿಲ್ಲ.

ಶಾಲೆಗೆ ನಾವಿಬ್ಬರೂ ಹೋದೆವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕೆಯ ತೊಂದರೆ ಸೇರಿ 21 ಬಗೆಯ ನ್ಯೂನತೆಗಳಿವೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಸೊಸೆ ಆ ಪುಟವನ್ನು ಮೇಜಿನ ಮೇಲಿಟ್ಟಳು, ನಾನು ಸಂಸ್ಥೆಯ ಚೀಟಿಯನ್ನಿಟ್ಟೆ. ಟೀಸಿಯ ಮಾತು ಅಲ್ಲಿಗೆ ನಿಂತಿತು. ಆದರೆ ಕಾನೂನು ಮಗುವನ್ನು ಬಾಗಿಲ ಒಳಗೆ ಬಿಡಿಸಬಹುದು, ಬೆಂಚಿನ ಮೇಲೆ ಕೂರಿಸಲಾರದು. ಆ ಕೆಲಸ ಮಾಡಿದವರು ಹೊಸದಾಗಿ ಬಂದ ತರಗತಿ ಮೇಡಂ.

ಅವರು ಮಾಡಿದ್ದು ಇಷ್ಟೆ. ಪುಟ್ಟುವನ್ನು ಬೆಲ್ಲಿನಿಂದ ದೂರದ ಮೂಲೆಗೆ ಕೂರಿಸಿದರು. ಬೆಲ್ಲು ಹೊಡೆಯುವ ಎರಡು ನಿಮಿಷ ಮೊದಲು ಅವನ ಡೆಸ್ಕಿನ ಮೇಲೆ ಕೆಂಪು ರಟ್ಟೊಂದನ್ನು ಇಡುವರು. ಅವನು ತಾನೇ ಕಿವಿ ಮುಚ್ಚಿಕೊಂಡು ಸಿದ್ಧ. ಆ ದಿನದ ಪಾಠಗಳನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿದರು. ನೋಟ್‌ಬುಕ್ಕುಗಳ ಕಟ್ಟನ್ನು ಸ್ಟಾಫ್ ರೂಮಿಗೆ ಹೊರುವ ಕೆಲಸ ಕೊಟ್ಟರು. ಭಾರ ಹೊತ್ತಾಗ ಸ್ನಾಯು, ಕೀಲುಗಳ ಮೇಲೆ ಬೀಳುವ ಒತ್ತಡ ಹಲವು ಮಕ್ಕಳಿಗೆ ಸಮಾಧಾನ ತರುತ್ತದೆ. ಮೈ ಶಾಂತವಾದ ಮೇಲೆಯೇ ಮಗ್ಗಿ. ಖರ್ಚಾದದ್ದು ಒಂದು ರಟ್ಟು.

"ನಲವತ್ತು ಮಕ್ಕಳಲ್ಲಿ ಒಬ್ಬನಿಗೆ ಇಷ್ಟೆಲ್ಲ ಹೇಗೆ ಮಾಡ್ತೀರಿ?" ಎಂದು ಕೇಳಿದೆ. "ಮೊದಲು ನನ್ನನ್ನ ನಾನು ಸಮಾಧಾನ ಮಾಡ್ಕೋತೀನಿ ಅಮ್ಮ. ನಾನು ಕಿರುಚಿದರೆ ನಲವತ್ತೂ ಬೆದರ್ತವೆ. ಗೋಡೆ ಮೇಲಿನ ಚಿತ್ರ ಎಲ್ಲರಿಗೂ ಬೇಕಾಗಿದೆ" ಎಂದರು.

ಪುಟ್ಟು ಪವಾಡದಂತೆ ಬದಲಾದ ಎಂದರೆ ಸುಳ್ಳಾಗುತ್ತದೆ. ಶಾಲೆಯ ವಾರ್ಷಿಕೋತ್ಸವದ ಮೈಕಿನ ಹತ್ತಿರ ಇಂದಿಗೂ ಸುಳಿಯುವುದಿಲ್ಲ. ಆದರೆ ಕಚ್ಚುವುದು ನಿಂತಿದೆ, ಗಣಿತ ಹತ್ತಿದೆ. ಸೊಸೆ ಬ್ಯಾಂಕಿಗೆ ಹೋಗುತ್ತಿದ್ದಾಳೆ.

ನಾವು ಮೈಸೂರಿನವರು ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಮಾಡಿಸುತ್ತೇವೆ. ಜಂಬೂಸವಾರಿಯ ದಿನ ಬೆದರಬಾರದೆಂದು ಮೊದಲೇ ಸದ್ದಿನ ಪರಿಚಯ ಮಾಡಿಸುತ್ತೇವೆ. ಬೆಚ್ಚಿದ ಆನೆಗೆ ಯಾರೂ ಶಿಸ್ತಿಲ್ಲ ಎನ್ನುವುದಿಲ್ಲ, ಅದರ ತಾಯಿಯನ್ನೂ ಬೈಯುವುದಿಲ್ಲ. ಮಾವುತ ಪಕ್ಕದಲ್ಲಿ ನಿಂತು ಮೈ ಸವರುತ್ತಾನೆ.

ಇನ್ನು ಮುಂದೆ ಮದುವೆಮನೆಯಲ್ಲಿ ಗಟ್ಟಿಮೇಳಕ್ಕೆ ಕಿವಿ ಮುಚ್ಚಿಕೊಂಡು ಚೀರುವ ಮಗು ಕಂಡರೆ, ಅದರ ತಾಯಿಗೆ ಬುದ್ಧಿ ಹೇಳಬೇಡಿ. ಹೊರಗೆ, ಸದ್ದು ಕಡಿಮೆಯಿರುವ ಕಡೆ, ಇಬ್ಬರಿಗೂ ಎರಡು ಕುರ್ಚಿ ಹಾಕಿಕೊಡಿ.