ಹೊಸತೋ, ಕೈಬದಲಾದುದೋ?

ಗೃಹಸ್ಥನಾದವನು ಮೋಟಾರುಗಾಡಿಯನ್ನು ಕೊಳ್ಳಹೊರಟರೆ ಅವನಿಗೆ ಬುದ್ಧಿ ಹೇಳುವವರಿಗೆ ಬರಗಾಲವಿಲ್ಲ. ಹೊಸದನ್ನೇ ಕೊಳ್ಳಿರೆನ್ನುವವರು ಸಾಮಾನ್ಯವಾಗಿ ಸಾಲದ ರುಚಿಯನ್ನು ಕಾಣದವರು; ಹಳೆಯದೇ ಸಾಕೆನ್ನುವವರು ತಮ್ಮದೊಂದನ್ನು ಮಾರುವ ಯೋಚನೆಯಲ್ಲಿರುವವರು. ಈ ಎರಡು ಪಂಗಡಗಳ ನಡುವೆ ಸಿಕ್ಕಿ ನಾನು 2025ನೆಯ ವರ್ಷದಲ್ಲಿ ಮೂರು ತಿಂಗಳನ್ನು ಕಳೆದೆನು. ನನಗೆ ಬೇಕಾಗಿದ್ದುದು ಡೀಸೆಲಿನಿಂದ ನಡೆಯತಕ್ಕ, ಗಾತ್ರದಲ್ಲಿ ಚಿಕ್ಕದಾದ, ಆದರೆ ಏರಿನಲ್ಲಿ ಏದುಸಿರು ಬಿಡದೆ ಚುರುಕಾಗಿ ಹತ್ತಿಹೋಗುವ ಒಂದು ಹ್ಯಾಚ್‌ಬ್ಯಾಕ್. ಈ ವಯಸ್ಸಿನಲ್ಲಿ ಇಂಥ ಚಪಲವೇಕೆಂದು ವಾಚಕರು ನಗಬಹುದು, ಕಾರಣವನ್ನು ಅರಿಕೆಮಾಡುತ್ತೇನೆ.

ನಮ್ಮ ವಾಸ ಹಾಸನದಲ್ಲಿ. 84 ವರ್ಷ ವಯಸ್ಸಿನ ನನ್ನ ತಾಯಿಯವರು ಮಂಗಳೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾರೆ. ಘಟ್ಟದ ಮೇಲಿನ ಥಂಡಿ ಅವರ ಉಸಿರಿಗೆ ಒಗ್ಗುವುದಿಲ್ಲ. ತಿಂಗಳಲ್ಲಿ ಮೂರು ವಾರ ನಾವು ಇಳಿದುಹೋಗುತ್ತೇವೆ, ಹಬ್ಬಕ್ಕೆ ಅವರನ್ನು ಕರೆತರುತ್ತೇವೆ. ನಡುರಾತ್ರಿಯಲ್ಲಿ ಫೋನು ಬಂದು ಉಟ್ಟ ಬಟ್ಟೆಯಲ್ಲೇ ಹೊರಟದ್ದೂ ಎರಡು ಸಲ ಉಂಟು. ದಾರಿ ಸುಮಾರು 170 ಕಿಲೋಮೀಟರು; ನಡುವೆ ಶಿರಾಡಿ ಘಟ್ಟ. ಮಂಗಳೂರಿನ ಕಡೆಯಿಂದ ಅನಿಲವನ್ನೂ ಎಣ್ಣೆಯನ್ನೂ ಹೊತ್ತು ತೆವಳುತ್ತ ಏರುವ ಟ್ಯಾಂಕರುಗಳ ಹಿಂದೆ ಎರಡನೆಯ ಗೇರಿನಲ್ಲಿ ಅರ್ಧ ಗಂಟೆ ಹೊಗೆ ಕುಡಿದವರಿಗೆ, ಎದುರು ದಾರಿ ತೆರವಾದ ಕ್ಷಣದಲ್ಲಿ ಥಟ್ಟನೆ ಮುನ್ನುಗ್ಗುವ ಇಂಜಿನಿನ ಬೆಲೆ ತಿಳಿಯುತ್ತದೆ. ಡೀಸೆಲಿನ ಇಂಜಿನಿಗೆ ಟರ್ಬೋ ಕೂಡಿದಾಗ, ಅದು ನಿಧಾನವಾಗಿ ಸುತ್ತುತ್ತಿರುವಾಗಲೇ ಈ ಎಳೆತವನ್ನು ಕೊಡುತ್ತದೆ. ಪೆಟ್ರೋಲಿನದಾದರೆ ಅನೇಕ ವೇಳೆ ಕಿರುಚಿಸಿ ಕೆಲಸ ತೆಗೆಯಬೇಕು.

ಹತ್ತು ವರ್ಷಗಳ ಹಿಂದೆ ಇಂಥ ಗಾಡಿಗಳಿಗೆ ಕೊರತೆಯಿರಲಿಲ್ಲ. ಸ್ವಿಫ್ಟ್, ಪೋಲೋ, ಫಿಗೋ, ಪುಂಟೋ, ಐ20, ಹೀಗೆ ಪ್ರತಿಯೊಂದು ಮನೆತನದಲ್ಲಿಯೂ ಒಂದು ಡೀಸೆಲ್ ಸಂತಾನವಿತ್ತು. 2020ನೆಯ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಎಂಬ ಹೊಗೆಯ ಕಟ್ಟಳೆ ಜಾರಿಗೆ ಬಂದಿತು. ಚಿಕ್ಕ ಡೀಸೆಲ್ ಇಂಜಿನನ್ನು ಆ ಕಟ್ಟಳೆಗೆ ಒಗ್ಗಿಸುವ ಖರ್ಚು ಗಾಡಿಯ ಬೆಲೆಗೆ ಹೊರೆಯೆಂದು ತಯಾರಕರು ಒಬ್ಬೊಬ್ಬರಾಗಿ ಕೈಬಿಟ್ಟರು. ನಾನು ಹುಡುಕಹೊರಟಾಗ ಹೊಸ ಡೀಸೆಲ್ ಹ್ಯಾಚ್‌ಬ್ಯಾಕ್ ಎಂದು ಅಂಗಡಿಯಲ್ಲಿ ಉಳಿದಿದ್ದುದು ಟಾಟಾದವರ ಆಲ್ಟ್ರೋಜ್ ಒಂದೇ. ಸ್ವಯಂವರಕ್ಕೆ ಒಬ್ಬನೇ ರಾಜಕುಮಾರನು ಬಂದಂತಾಯಿತು. ಬೇರೆ ಯಾವುದು ಬೇಕೆಂದರೂ ಕೈಬದಲಾದುದನ್ನೇ, ಎಂದರೆ ಸೆಕೆಂಡ್ ಹ್ಯಾಂಡ್ ಗಾಡಿಯನ್ನೇ, ಹುಡುಕಬೇಕು.

ಹಳೆಯ ಗಾಡಿಗಳಲ್ಲಿ ನನ್ನ ಮನಸ್ಸು ನೆಟ್ಟಿದ್ದುದು ಪೋಲೋ ಜಿ.ಟಿ. ಟಿ.ಡಿ.ಐ. ಮೇಲೆ. 2013ರಲ್ಲಿ ಬಂದ ಈ ಗಾಡಿಯ ಎಳೆತ 250 ನ್ಯೂಟನ್ ಮೀಟರು, ಆಲ್ಟ್ರೋಜಿನದು 200. ಕಾಗದದ ಮೇಲೆ ಇದು ಬರಿಯ ಅಂಕಿ. ದೋಣಿಗಲ್ಲಿನ ತಿರುವಿನಲ್ಲಿ ಹಾಗಲ್ಲ.

ಮೊದಲು ನೋಡಿದ್ದು ಬೆಂಗಳೂರಿನ ಒಬ್ಬ ವ್ಯಾಪಾರಿಯಲ್ಲಿ. ದೆಹಲಿಯ ನೋಂದಣಿ, ಬೆಲೆ ಅಗ್ಗ. ಅಗ್ಗಕ್ಕೆ ಕಾರಣ ಗುಟ್ಟಿನದೇನಲ್ಲ. ರಾಜಧಾನಿಯ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಕೂಡದೆಂದು ಹಸಿರು ನ್ಯಾಯಮಂಡಳಿಯು 2015ರಲ್ಲಿ ವಿಧಿಸಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿಯ ಗಾಡಿಗಳು ದಕ್ಷಿಣಕ್ಕೆ ವಲಸೆ ಬರುತ್ತಿವೆ. ಇಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆಂಬುದನ್ನು ವ್ಯಾಪಾರಿಗಳು ಹೇಳುವುದಿಲ್ಲ. ಮೀಟರು 62,000 ಕಿಲೋಮೀಟರನ್ನು ತೋರಿಸುತ್ತಿತ್ತು. ಕ್ಲಚ್ಚಿನ ಪೆಡಲಿನ ರಬ್ಬರು ಮಾತ್ರ ದೇವಸ್ಥಾನದ ಹೊಸ್ತಿಲಿನಂತೆ ಸವೆದಿತ್ತು. ಸರ್ವೀಸಿನ ಪುಸ್ತಕವೆಲ್ಲಿ ಎಂದು ಕೇಳಿದೆ. ಕಳೆದುಹೋಗಿದೆಯೆಂಬ ಉತ್ತರ ಬಂದಿತು. ಎರಡನೆಯದು ಕರಾವಳಿಯದು. ಮೇಲೆ ಕನ್ನಡಿಯಂಥ ಹೊಳಪು; ಕೆಳಗೆ ಬಗ್ಗಿ ನೋಡಿದರೆ ಉಪ್ಪುಗಾಳಿ ತಿಂದ ತುಕ್ಕು. ಹಳೆಯ ಗಾಡಿಯನ್ನು ನೋಡಹೋಗುವವರು ಒಂದು ಹಳೆಯ ಚಾಪೆಯನ್ನು ಕೊಂಡೊಯ್ದು ಅದರ ಅಡಿಯಲ್ಲಿ ಮಲಗಿ ನೋಡುವುದು ಒಳ್ಳೆಯದು.

ಮೂರನೆಯದು ಮೈಸೂರಿನದು. 2018ರ ಗಾಡಿ, ಒಬ್ಬರೇ ಒಡೆಯರು, ಮೊದಲಿನಿಂದ ಕೊನೆಯವರೆಗಿನ ರಸೀತಿಗಳು ದಾರದಲ್ಲಿ ಪೋಣಿಸಿಟ್ಟಿದ್ದವು. ಬೆಳಗ್ಗೆ ತಣ್ಣಗಿದ್ದ ಇಂಜಿನು ಒಂದೇ ಸಲಕ್ಕೆ ಎದ್ದಿತು. ವರ್ತುಲ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಕಾಲನ್ನು ಒತ್ತಿದಾಗ, ಕ್ಷಣಕಾಲ ಸುಮ್ಮನಿದ್ದು, ಆಮೇಲೆ ಬೆನ್ನನ್ನು ಆಸನಕ್ಕೆ ಒತ್ತಿಹಿಡಿಯಿತು. ನನ್ನ ಮುಖವನ್ನು ನೋಡಿ ಮನೆಯಾಕೆ, “ಮುಗಿಯಿತು ಬಿಡಿ” ಎಂದಳು. ಬೆಲೆ 5 ಲಕ್ಷ 60 ಸಾವಿರ.

ಊರಿಗೆ ಬಂದು ಲೆಕ್ಕಕ್ಕೆ ಕುಳಿತೆವು. 2025ನೆಯ ಸೆಪ್ಟೆಂಬರ್ 22ರಿಂದ ಚಿಕ್ಕ ಡೀಸೆಲ್ ಗಾಡಿಗಳ ಮೇಲಿನ ಜಿ.ಎಸ್.ಟಿ., ಸೆಸ್ಸೂ ಸೇರಿ ನೂರಕ್ಕೆ 31 ಇದ್ದುದು, 18ಕ್ಕೆ ಇಳಿದಿತ್ತು. ಆದರೂ ನಮ್ಮ ರಾಜ್ಯದ ಆಜೀವ ತೆರಿಗೆ, ವಿಮೆ ಎಲ್ಲವೂ ಸೇರಿ ಹೊಸ ಗಾಡಿ 10 ಲಕ್ಷವನ್ನು ದಾಟುತ್ತಿತ್ತು. ಅಂತರ ಸುಮಾರು ನಾಲ್ಕೂವರೆ ಲಕ್ಷ. ಆ ಹಣಕ್ಕೆ ಬೇರೊಂದು ಹೆಸರಿತ್ತು: ಮನೆಯ ಮೇಲೆ ಎರಡು ಕೋಣೆಗಳ ಮಹಡಿ. ಅದು ಮನೆಯಾಕೆಯ ಹನ್ನೆರಡು ವರ್ಷಗಳ ಆಸೆ, ಅವಳ ಚೀಟಿಯ ಹಣವೂ ಅದರಲ್ಲಿ ಸೇರಿತ್ತು.

ಹಳೆಯದರ ಪಕ್ಕದಲ್ಲಿಯೂ ಬರೆಯತಕ್ಕ ಅಂಕಿಗಳಿದ್ದವು. ಟೈಮಿಂಗ್ ಬೆಲ್ಟು ಕಾಲಕ್ಕೆ ಸರಿಯಾಗಿ ಬದಲಾಗದೆ ಓಡುವಾಗ ಹರಿದರೆ ಇಂಜಿನೇ ಹೋದಂತೆ. ಕ್ಲಚ್ಚು, ನಾಲ್ಕು ಟಯರು ಹತ್ತಿರದಲ್ಲೇ ಕಾದಿವೆ. ನೋಂದಣಿಯ 15 ವರ್ಷಗಳಲ್ಲಿ ಏಳು ಕಳೆದಿವೆ. ಹೊಸದಕ್ಕೂ ತನ್ನದೊಂದು ವ್ರತವುಂಟು. ಬಿ.ಎಸ್. 6 ಡೀಸೆಲಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಒಂದು ಶೋಧಕವಿದೆ. ಗಾಡಿ ಆಗಾಗ ದೂರಕ್ಕೆ ವೇಗವಾಗಿ ಓಡಿ ಕಾದರೆ ಮಾತ್ರ ಆ ಮಸಿ ಉರಿದುಹೋಗುತ್ತದೆ. ದಿನವೂ ತರಕಾರಿ ಪೇಟೆಗೂ ಶಾಲೆಗೂ ಮಾತ್ರ ಹೋಗುವ ಗೃಹಸ್ಥರು ಆದಕಾರಣ ಹೊಸ ಡೀಸೆಲಿನ ಗೋಜಿಗೆ ಹೋಗದಿರುವುದೇ ಲೇಸು. ತಿಂಗಳಿಗೆ ಸಾವಿರ ಕಿಲೋಮೀಟರು ಘಟ್ಟ ಹತ್ತಿ ಇಳಿಯುವ ನಮಗೆ ಆ ಭಯವಿರಲಿಲ್ಲ.

ಲೆಕ್ಕವನ್ನು ಎಷ್ಟು ಸಲ ಕೂಡಿದರೂ ನನ್ನ ಕಡೆಯ ಮೊತ್ತ ಹಳೆಯದರ ಕಡೆಗೇ ವಾಲುತ್ತಿತ್ತು. ಮಹಡಿಯೂ ಆಗುತ್ತಿತ್ತು, ಎಳೆತವೂ ಸಿಗುತ್ತಿತ್ತು. ಮುಂಗಡ ಕೊಡುವುದೊಂದು ಬಾಕಿ. ದೀಪಾವಳಿಗೆ ಅಮ್ಮ ಬಂದಿದ್ದರು. ಮೈಸೂರಿನ ಒಡೆಯರು ಸೌಜನ್ಯದಿಂದ ಗಾಡಿಯನ್ನು ಹಾಸನಕ್ಕೇ ತಂದರು. ಅದೇ ವಾರ ಅಂಗಡಿಯವರು ಹೊಸದನ್ನೂ ಬಾಗಿಲಿಗೆ ಕಳುಹಿಸಿದರು. ಪೋಲೋದಲ್ಲಿ ಕುಳ್ಳಿರಿಸಲು ನಾನೂ ಮನೆಯಾಕೆಯೂ ಅಮ್ಮನನ್ನು ಎರಡು ಕಡೆಯೂ ಹಿಡಿಯಬೇಕಾಯಿತು; ತಲೆಯನ್ನು ಬಗ್ಗಿಸಿ, ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಕುಳಿತ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಉಸಿರು ಹತ್ತಿತ್ತು. ಆಲ್ಟ್ರೋಜಿನ ಬಾಗಿಲು 90 ಡಿಗ್ರಿ, ಎಂದರೆ ಮನೆಯ ಬಾಗಿಲಿನಂತೆ ನೇರ ಮೂಲೆಯಾಗಿ ತೆರೆಯುತ್ತದೆ. ಅಮ್ಮ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಹಿಂದಿರುಗಿ ನಿಂತು, ತಾವೇ ಕುಳಿತರು. “ಇದಾದರೆ ನಿಮ್ಮನ್ನು ಕೂಗಬೇಕಾಗಿಲ್ಲ” ಎಂದರು.

ಮಹಡಿಯ ಮಾತನ್ನು ಮನೆಯಾಕೆಯೇ ಎತ್ತಿದಳು. ಗಾರೆಯವನಿಗೆ ಎರಡು ವರ್ಷ ಬಿಟ್ಟು ಬರಹೇಳಿದಳು. ಮೈಸೂರಿಗೆ ಫೋನು ಮಾಡುವ ಕೆಲಸವನ್ನು ಮಾತ್ರ ನನಗೆ ಬಿಟ್ಟಳು.

ಈಗಲೂ ಘಟ್ಟ ಏರುವಾಗ ಮುಂದೆ ಟ್ಯಾಂಕರು ಸಿಕ್ಕರೆ, ಆ ಇನ್ನೈವತ್ತು ನ್ಯೂಟನ್ ಮೀಟರು ಇದ್ದಿದ್ದರೆ ಎಂದು ನನ್ನ ಬಲಗಾಲು ತಾನಾಗಿಯೇ ನೆನೆಯುತ್ತದೆ. ಪಕ್ಕದ ಆಸನದಿಂದ ಅಮ್ಮ, “ಅವನು ಹೋಗಲಿ ಬಿಡಪ್ಪಾ, ಕೆಂಪುಹೊಳೆ ಕಾಣಿಸುತ್ತಿದೆ” ಎನ್ನುತ್ತಾರೆ.